ಗುಡ್ಡದ ಸೀತಾಫಲ: ಎಷ್ಟು ತಿನ್ನಬೇಕು, ಹೇಗೆ ಆರಿಸಬೇಕು, ಯಾವುದನ್ನು ಮುಟ್ಟಬಾರದು

ಗಣೇಶನ ಹಬ್ಬ ಮುಗಿದು ಮಳೆ ಹಿಂದೆ ಸರಿಯುವ ಹೊತ್ತಿಗೆ ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನಲ್ಲಿ, ಹುಮನಾಬಾದಿನಿಂದ ಜಹೀರಾಬಾದಿನ ಕಡೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಚಿಂಚೋಳಿ ಗುಡ್ಡಗಳ ತಾಂಡಾಗಳಿಂದ ಬರುವ ಬುಟ್ಟಿಗಳಲ್ಲಿ ಸೀತಾಫಲ ಕಾಣಿಸತೊಡಗುತ್ತದೆ. ದಸರೆಗೆ ಭರ್ತಿ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಖಾಲಿ. ಇಷ್ಟು ಸಣ್ಣ ಹಂಗಾಮಿನಲ್ಲಿ ಈ ಹಣ್ಣಿನ ಮೇಲೆ ಎಷ್ಟೊಂದು ಮಾತು! ಶುಗರ್ ಇದ್ದವರು ಮುಟ್ಟಲೇಬಾರದು, ತಿಂದರೆ ನೆಗಡಿ ಖಾತ್ರಿ ಎನ್ನುವವರು ಒಂದು ಕಡೆ. ರಕ್ತ ಹೆಚ್ಚುತ್ತದೆ, ಕಣ್ಣು ಚುರುಕಾಗುತ್ತದೆ, ಎಲೆಯ ಕಷಾಯ ಕ್ಯಾನ್ಸರನ್ನೇ ಕರಗಿಸುತ್ತದೆ ಎಂದು ವಾಟ್ಸಾಪಿನಲ್ಲಿ ಕಳಿಸುವವರು ಇನ್ನೊಂದು ಕಡೆ. ಈ ಎರಡರ ನಡುವೆ ಹಣ್ಣಿನ ನಿಜವಾದ ಗುಣವೂ ಮರೆಯಾಗುತ್ತದೆ, ನಿಜವಾದ ಅಪಾಯವೂ ಮರೆಯಾಗುತ್ತದೆ. ಗುಣ ಇರುವುದು ಹಣ್ಣಾದ ತಿರುಳಿನಲ್ಲಿ, ಅದನ್ನು ಬಿಸಿ ಮಾಡದೆ ಹಾಗೇ ತಿಂದಾಗ. ಅಪಾಯ ಇರುವುದು ಬೀಜದೊಳಗೆ.

ಮೊದಲು ತಿರುಳಿನ ಲೆಕ್ಕ. 100 ಗ್ರಾಂ ತಿರುಳಿನಲ್ಲಿ ಸುಮಾರು 73 ಗ್ರಾಂ ನೀರು, 94 ಕ್ಯಾಲೊರಿ, 23.6 ಗ್ರಾಂ ಕಾರ್ಬೋಹೈಡ್ರೇಟ್, 4.4 ಗ್ರಾಂ ನಾರು, 2 ಗ್ರಾಂ ಪ್ರೋಟೀನ್ ಇರುತ್ತವೆ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, 0.3 ಗ್ರಾಂ. ವಿಟಮಿನ್ ಸಿ 36 ಮಿಲಿಗ್ರಾಂ, ಪೊಟ್ಯಾಸಿಯಂ 247 ಮಿಲಿಗ್ರಾಂ, ಮೆಗ್ನೀಸಿಯಂ 21 ಮಿಲಿಗ್ರಾಂ, ಬಿ6 ಜೀವಸತ್ವ 0.2 ಮಿಲಿಗ್ರಾಂ. ಸೋಡಿಯಂ ಬರೀ 9 ಮಿಲಿಗ್ರಾಂ.

ಈ ಅಂಕಿಗಳನ್ನು ಬೇರೆ ಹಣ್ಣುಗಳ ಪಕ್ಕ ಇಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಅಷ್ಟೇ ತೂಕದ ಸೇಬಿನಲ್ಲಿ 52 ಕ್ಯಾಲೊರಿ, ಪಪ್ಪಾಯಿಯಲ್ಲಿ 43, ಮಾವಿನಲ್ಲಿ 60, ಬಾಳೆಹಣ್ಣಿನಲ್ಲಿ 89. ಅಂದರೆ ದಿನವೂ ಕೈಗೆ ಸಿಗುವ ಹಣ್ಣುಗಳಲ್ಲಿ ಸೀತಾಫಲ ಹೆಚ್ಚು ಶಕ್ತಿ ಕೊಡುವ ಸಾಲಿಗೆ ಸೇರುತ್ತದೆ. ಆದರೆ ನಾರಿನಲ್ಲೂ ಅದು ಮುಂದಿದೆ: ಬಾಳೆಯಲ್ಲಿ 2.6 ಗ್ರಾಂ, ಸೇಬಿನಲ್ಲಿ 2.4, ಮಾವಿನಲ್ಲಿ 1.6 ಗ್ರಾಂ ನಾರು ಇದ್ದರೆ ಇಲ್ಲಿ 4.4. ಪೇರಲ, ಸಪೋಟದಂಥ ಕೆಲವೇ ಹಣ್ಣುಗಳು ಇದನ್ನು ಮೀರಿಸುತ್ತವೆ. ಇಷ್ಟು ಸಿಹಿಯಾದ ಹಣ್ಣಿನಲ್ಲಿ ಇಷ್ಟು ನಾರು ಇರುವುದು ಅಪರೂಪ, ನಮ್ಮ ಮಟ್ಟಿಗೆ ಸೀತಾಫಲದ ದೊಡ್ಡ ಗುಣವೇ ಇದು. ಮಲಬದ್ಧತೆ ಇರುವವರಿಗೆ ಒಂದು ಹಣ್ಣು, ಜೊತೆಗೆ ಸಾಕಷ್ಟು ನೀರು, ಎರಡು ಮೂರು ದಿನದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ನೀರು ಕುಡಿಯದೆ ನಾರನ್ನಷ್ಟೇ ಹೆಚ್ಚಿಸಿದರೆ ಹೊಟ್ಟೆ ಇನ್ನೂ ಬಿಗಿಯುತ್ತದೆ.

ವಿಟಮಿನ್ ಸಿ ವಿಷಯದಲ್ಲಿ ಸೀತಾಫಲ ಮಧ್ಯಮ ದರ್ಜೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65 ಮಿಲಿಗ್ರಾಂ ಬೇಕು. ಒಂದು ಹಣ್ಣು ಅದರ ಅರ್ಧದಷ್ಟನ್ನು ಕೊಡುತ್ತದೆ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಇರುತ್ತದೆ, ಹಾಗಾಗಿ ವಿಟಮಿನ್ ಸಿಗಾಗಿಯೇ ಹಣ್ಣು ತಿನ್ನುವವರು ಪೇರಲ ಕೊಳ್ಳುವುದು ಲೇಸು. ಆದರೂ ಸೀತಾಫಲಕ್ಕೆ ಒಂದು ಅನುಕೂಲವಿದೆ. ಅದನ್ನು ಯಾರೂ ಬೇಯಿಸುವುದಿಲ್ಲ, ಒಡೆದ ಕೂಡಲೇ ತಿನ್ನುತ್ತಾರೆ. ಇದ್ದ ವಿಟಮಿನ್ ಸಿ ಬಹುಪಾಲು ಹಾಗೇ ಹೊಟ್ಟೆಗೆ ಹೋಗುತ್ತದೆ.

ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ ಎನ್ನುವುದು ರಕ್ತದೊತ್ತಡ ಇರುವವರಿಗೆ ಅನುಕೂಲ. ಹಾಗೆಂದು ಹಣ್ಣು ತಿಂದು ಬಿಪಿ ಮಾತ್ರೆ ಬಿಡುವ ಮಾತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಪೊಟ್ಯಾಸಿಯಂ 3,510 ಮಿಲಿಗ್ರಾಂ, ಹಣ್ಣಿನಲ್ಲಿ ಸಿಗುವುದು 247. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ ಹಾಗೇ ಮುಂದುವರಿಸಿ ಮೇಲೊಂದು ಹಣ್ಣು ತಿಂದರೆ ಫಲವಿಲ್ಲ. ಸಂಜೆ ಐದರ ಸುಸಲಾ ಮಿರ್ಚಿಯ ಜಾಗದಲ್ಲಿ ಹಣ್ಣು ಬಂದರೆ ಉಪ್ಪೂ ಎಣ್ಣೆಯೂ ಒಟ್ಟಿಗೆ ಕಡಿಮೆಯಾಗುತ್ತವೆ, ಲಾಭ ಬರುವುದು ಅಲ್ಲಿ.

ಈಗ ಎಲ್ಲರೂ ಕೇಳುವ ಶುಗರ್ ಪ್ರಶ್ನೆ. ಮಧ್ಯಮ ಗಾತ್ರದ ಒಂದು ಹಣ್ಣು 200ರಿಂದ 250 ಗ್ರಾಂ ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆ, ಬೀಜ, ದಿಂಡಿಗೆ ಹೋಗಿ ತಿನ್ನಲು ಸಿಗುವ ತಿರುಳು ಸುಮಾರು 100 ಗ್ರಾಂ, ಅಂದರೆ 23 ಗ್ರಾಂ ಕಾರ್ಬೋಹೈಡ್ರೇಟ್. 50 ಗ್ರಾಂ ಹಿಟ್ಟಿನಲ್ಲಿ ಬಡಿದ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಇರುತ್ತದೆ. ಒಂದು ಹಣ್ಣೆಂದರೆ ಲೆಕ್ಕದಲ್ಲಿ ಮುಕ್ಕಾಲು ರೊಟ್ಟಿಗೂ ಕಡಿಮೆ. ವ್ಯತ್ಯಾಸ ಇರುವುದು ವೇಗದಲ್ಲಿ. ರೊಟ್ಟಿಯಲ್ಲಿರುವುದು ಪಿಷ್ಟ, ಪಲ್ಯ ಬೇಳೆಯ ಜೊತೆ ನಿಧಾನಕ್ಕೆ ಅರಗುತ್ತದೆ. ಪೂರ್ತಿ ಹಣ್ಣಾದ ಸೀತಾಫಲದಲ್ಲಿರುವುದು ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್. ನಾರು ಅದನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ.

ಆದ್ದರಿಂದ ಶುಗರ್ ಹಿಡಿತದಲ್ಲಿರುವವರು ಅರ್ಧ ಹಣ್ಣಿನಿಂದ ಶುರು ಮಾಡಬಹುದು. ಊಟವಾದ ತಕ್ಷಣ ಮೇಲೆ ತಿನ್ನುವುದು ಬೇಡ, ಆಗ ಎರಡೂ ಕೂಡಿ ಏರುತ್ತವೆ. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ, ನಾಲ್ಕೈದು ಗಂಟೆಗೆ, ಒಂದು ಹಿಡಿ ಹುರಿದ ಶೇಂಗಾದ ಜೊತೆ ತಿಂದರೆ ಏರಿಕೆ ನಿಧಾನವಾಗುತ್ತದೆ. ಊಟಕ್ಕೆ ಸೇರಿಸಿಯೇ ತಿನ್ನಬೇಕೆಂದರೆ ಒಂದು ರೊಟ್ಟಿ ಬಿಡಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ತಿನ್ನುವ ಮೊದಲೊಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಎರಡನೆಯ ಅಂಕಿ 180 ದಾಟಿದರೆ ಮುಂದಿನ ಸಲ ಪ್ರಮಾಣವನ್ನು ಇನ್ನೂ ಅರ್ಧಕ್ಕಿಳಿಸಿ. ಶುಗರ್ ಮೊದಲೇ ಏರಿಳಿಯುತ್ತಿದ್ದರೆ ಅದು ಹಿಡಿತಕ್ಕೆ ಬರುವವರೆಗೆ ಹಣ್ಣನ್ನು ಪಕ್ಕಕ್ಕಿಡುವುದೇ ಸರಿ. ಮಿಲ್ಕ್‌ಶೇಕ್, ಬಾಸುಂದಿ, ಐಸ್‌ಕ್ರೀಂ ಈ ಲೆಕ್ಕದೊಳಗೆ ಬರುವುದಿಲ್ಲ, ಅವುಗಳಲ್ಲಿ ಸಕ್ಕರೆ ಬೇರೆ ಸೇರಿರುತ್ತದೆ.

ಒಂದೇ ಸಲಕ್ಕೆ ಮೂರು ನಾಲ್ಕು ಹಣ್ಣು ತಿಂದವರಿಗೆ ಹೊಟ್ಟೆ ಉಬ್ಬರ, ಗ್ಯಾಸ್, ಕೆಲವೊಮ್ಮೆ ಭೇದಿ ಆಗುವುದುಂಟು. ಫ್ರಕ್ಟೋಸ್ ಜಾಸ್ತಿಯಾದಾಗ ಸಣ್ಣ ಕರುಳು ಅದನ್ನೆಲ್ಲ ಹೀರಿಕೊಳ್ಳಲಾರದು. ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುದುಗುತ್ತದೆ. ಆರೋಗ್ಯವಂತರಿಗೆ ದಿನಕ್ಕೆ ಒಂದು ದೊಡ್ಡದು ಅಥವಾ ಎರಡು ಸಣ್ಣವು ಸಾಕು. ಸಣಕಲು ಮಕ್ಕಳಿಗೆ, ಕಾಯಿಲೆಯಿಂದ ಎದ್ದು ಊಟ ಸೇರದವರಿಗೆ ಇದು ಒಳ್ಳೆಯ ಆಹಾರ. ಸ್ವಲ್ಪ ತಿಂದರೂ ಶಕ್ತಿ ಸಿಗುತ್ತದೆ, ಅಗಿಯುವ ಕಷ್ಟವಿಲ್ಲ, ಹುಳಿ ಇಲ್ಲದ್ದರಿಂದ ಬಾಯಿ ಹುಣ್ಣಾದವರಿಗೂ ಉರಿಯುವುದಿಲ್ಲ.

ಸೀತಾಫಲ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ಮಾತು ನಮ್ಮ ಭಾಗದಲ್ಲಿ ಬಹಳ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ನಂಬಿ ಕಬ್ಬಿಣದ ಮಾತ್ರೆ ಬಿಡುವುದರಿಂದ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. 100 ಗ್ರಾಂ ತಿರುಳಿನಲ್ಲಿ ಕಬ್ಬಿಣ ಇರುವುದು 0.6 ಮಿಲಿಗ್ರಾಂ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಇದರಿಂದ ಹಿಮೋಗ್ಲೋಬಿನ್ ಏರುವುದಿಲ್ಲ. ಹಣ್ಣು ನೆರವಾಗುವುದು ಬೇರೆ ದಾರಿಯಲ್ಲಿ: ಜೋಳ, ತೊಗರಿ ಬೇಳೆ, ಮೆಂತ್ಯ ಪಲ್ಯದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಅದಕ್ಕೆ ಊಟದ ಜೊತೆಗೇ ತಿನ್ನಬೇಕು. ಊಟವಾದ ಮೇಲೆ ಚಹಾ ಕುಡಿದರೆ ಆ ಲಾಭವೂ ಹೋಗುತ್ತದೆ, ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿಗೆ ಒಳ್ಳೆಯದು ಎನ್ನುವ ಮಾತಿಗೂ ಆಧಾರವಿಲ್ಲ. ಬಿಳಿ ತಿರುಳಿನಲ್ಲಿ ವಿಟಮಿನ್ ಎ ಇಲ್ಲವೆಂದೇ ಹೇಳಬೇಕು, ಅದಕ್ಕೆ ಪಪ್ಪಾಯಿ, ಮಾವು, ಗಜ್ಜರಿ ಇವೆ. ಗರ್ಭಿಣಿಯರ ಫೋಲೇಟ್ ವಿಷಯವೂ ಅಷ್ಟೇ, 100 ಗ್ರಾಂನಲ್ಲಿ ಸಿಗುವುದು 14 ಮೈಕ್ರೊಗ್ರಾಂ ಮಾತ್ರ. ಗರ್ಭಿಣಿಯರು ತಿರುಳನ್ನು ಹೆದರದೆ ತಿನ್ನಬಹುದು, ಫೋಲಿಕ್ ಆಸಿಡ್ ಮಾತ್ರೆಯ ಬದಲಿಗೆ ತಿನ್ನಬಾರದು.

ನೆಗಡಿಯ ಅಪವಾದ ಈ ಹಣ್ಣಿಗೆ ಅಂಟಿಕೊಂಡದ್ದು ಕಾಲದ ದೆಸೆಯಿಂದ. ಸೀತಾಫಲ ಬರುವುದು ಮಳೆ ಮುಗಿದು ಚಳಿ ಶುರುವಾಗುವ ಸಂಧಿಯಲ್ಲಿ. ವೈರಲ್ ಜ್ವರ, ನೆಗಡಿ, ಕೆಮ್ಮು ಮನೆಮನೆಗೆ ಬರುವುದೂ ಆಗಲೇ. ನೆಗಡಿ ತರುವುದು ವೈರಸ್. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಣ್ಣು ಕೆರೆಯುವ ಗಂಟಲಿಗೆ ಹಿತವಾಗಲಿಕ್ಕಿಲ್ಲ, ಹೊರಗಿಟ್ಟ ಹಣ್ಣು ತಿನ್ನಲು ಅಡ್ಡಿಯಿಲ್ಲ.

ಎಲೆಯ ಕಷಾಯದ ಮಾತಿಗೆ ಬರೋಣ. ಸೀತಾಫಲದ ಎಲೆಯ ಸಾರ ಇಲಿಗಳಲ್ಲಿ ಸಕ್ಕರೆಯ ಅಂಶ ಇಳಿಸಿದ ಪ್ರಯೋಗಗಳಿವೆ. ಇಲಿಗೆ ಕೊಟ್ಟ ಸಾರವೇ ಬೇರೆ, ಮನೆಯಲ್ಲಿ ಹತ್ತು ಎಲೆ ಕುದಿಸಿ ಕುಡಿಯುವುದೇ ಬೇರೆ. ಎಷ್ಟು ಎಲೆ, ಎಷ್ಟು ಹೊತ್ತು, ಎಷ್ಟು ದಿನ ಎನ್ನುವುದಕ್ಕೆ ಮನುಷ್ಯರಲ್ಲಿ ಪರೀಕ್ಷಿಸಿ ನಿಗದಿಪಡಿಸಿದ ಪ್ರಮಾಣವಿಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಜೊತೆಗೆ ಇದನ್ನೂ ಕುಡಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರುವ ಸಂಭವವಿದೆ. ಇನ್ನು ಕ್ಯಾನ್ಸರ್ ಸಂದೇಶಗಳಲ್ಲಿ ಹೆಚ್ಚಾಗಿ ಇರುವುದು ಸೀತಾಫಲವಲ್ಲ, ಅದರ ಬಳಗದ ಲಕ್ಷ್ಮಣಫಲ. ಈ ಬಳಗದ ಗಿಡಗಳಲ್ಲಿರುವ ಅಸಿಟೊಜೆನಿನ್ ಎಂಬ ರಾಸಾಯನಿಕಗಳು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ ನಿಜ. ಅವು ಜೀವಕೋಶ ಶಕ್ತಿ ತಯಾರಿಸುವ ಕೆಲಸವನ್ನೇ ತಡೆಯುವುದರಿಂದ ಆರೋಗ್ಯವಂತ ಕೋಶಗಳಿಗೂ, ಅದರಲ್ಲೂ ನರಕೋಶಗಳಿಗೆ, ವಿಷವಾಗಬಲ್ಲವು. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಲಕ್ಷ್ಮಣಫಲದ ಹಣ್ಣು ಮತ್ತು ಎಲೆಯ ಚಹಾ ರೂಢಿಯಾಗಿ ಸೇವಿಸುತ್ತಿದ್ದವರಲ್ಲಿ ಪಾರ್ಕಿನ್ಸನ್‌ನಂಥ ನರರೋಗ ಹೆಚ್ಚು ಕಂಡುಬಂದದ್ದನ್ನು ಫ್ರೆಂಚ್ ವೈದ್ಯರು 1999ರಲ್ಲಿ ವರದಿ ಮಾಡಿದರು. ಹಂಗಾಮಿನ ಎರಡು ತಿಂಗಳು ಸೀತಾಫಲದ ತಿರುಳು ತಿನ್ನುವುದಕ್ಕೂ ವರ್ಷಗಟ್ಟಲೆ ಎಲೆಯ ಕಷಾಯ ಕುಡಿಯುವುದಕ್ಕೂ ಹೋಲಿಕೆಯಿಲ್ಲ. ಮೊದಲನೆಯದಕ್ಕೆ ಹೆದರಬೇಡಿ, ಎರಡನೆಯದನ್ನು ಮಾಡಬೇಡಿ. ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗ ಕಷಾಯ ನಂಬಿ ಒಂದು ಸುತ್ತು ಕಿಮೊ ತಪ್ಪಿಸಿದರೆ ಆ ಕಾಲ ಮತ್ತೆ ಸಿಗುವುದಿಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಸೀತಾಫಲದ ಸೊಪ್ಪಿಗೆ ಆಡು ಸಹ ಬಾಯಿ ಹಾಕುವುದಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ದಿಬ್ಬಗಳಲ್ಲಿ, ಯಾದಗಿರಿಯ ಕಲ್ಲುಗುಡ್ಡಗಳಲ್ಲಿ ದನಕುರಿಗಳ ನಡುವೆಯೂ ಈ ಗಿಡ ಉಳಿದು ಬೆಳೆಯುವುದಕ್ಕೆ ಅದೊಂದು ಕಾರಣ. ಅದೇ ರಕ್ಷಣೆ ಬೀಜದಲ್ಲಿ ಇನ್ನೂ ಗಟ್ಟಿಯಾಗಿದೆ. ಬೀಜದೊಳಗಿನ ಬಿಳಿ ತಿರುಳು ಕೀಟಗಳನ್ನು ಕೊಲ್ಲುವಷ್ಟು ಕಟುವಾದದ್ದು. ಹೊಲದಲ್ಲಿ ಹೇನು ಬಿದ್ದ ಬೆಳೆಗೆ ಬೀಜ ಅರೆದು ಸಿಂಪಡಿಸುವ ಪದ್ಧತಿ ಹಳೆಯದು. ಅದೇ ಲೆಕ್ಕದಲ್ಲಿ ಹುಡುಗಿಯರ ತಲೆಯ ಹೇನಿಗೂ ಬೀಜದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾರೆ. ಹೇನು ಸಾಯುತ್ತವೆ, ಇದು ಸುಳ್ಳಲ್ಲ. ಆದರೆ ತಲೆ ತೊಳೆಯುವಾಗ ಆ ನೀರು ಹಣೆಯಿಂದ ಇಳಿದು ಕಣ್ಣಿಗೆ ಹೋಗುತ್ತದೆ. ಆಗ ಕಣ್ಣುಗುಡ್ಡೆಯ ಮೇಲ್ಪದರ, ಅಂದರೆ ಕಾರ್ನಿಯಾದ ಹೊರ ಚರ್ಮ, ಕಿತ್ತುಹೋಗುತ್ತದೆ. ಕೆಲವು ಗಂಟೆಯೊಳಗೆ ತಡೆಯಲಾರದ ಉರಿ, ನೀರು ಸೋರುವುದು, ಬೆಳಕು ನೋಡಲಾಗದೆ ಕಣ್ಣು ಮುಚ್ಚಿಕೊಳ್ಳುವುದು. ಭಾರತದ ಕಣ್ಣಿನ ವೈದ್ಯರು ಇಂಥ ಪ್ರಕರಣಗಳನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ತಡವಾದರೆ, ಮೇಲೆ ಸೋಂಕು ಸೇರಿದರೆ, ಬಿಳಿ ಕಲೆ ಉಳಿದು ದೃಷ್ಟಿ ಮಂಜಾಗಬಹುದು.

ಅಕಸ್ಮಾತ್ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ನಲ್ಲಿಯ ಸಣ್ಣ ಧಾರೆಗೋ ತಂಬಿಗೆಯ ಶುದ್ಧ ನೀರಿಗೋ ಕಣ್ಣು ತೆರೆದಿಟ್ಟು 15ರಿಂದ 20 ನಿಮಿಷ ಬಿಡದೆ ತೊಳೆಯಿರಿ. ಎದೆಹಾಲು, ಹರಳೆಣ್ಣೆ, ಜೇನು ಯಾವುದನ್ನೂ ಹಾಕಬೇಡಿ. ಮೆಡಿಕಲ್ ಅಂಗಡಿಯಲ್ಲಿ ಹೇಳಿ ಸ್ಟೀರಾಯ್ಡ್ ಹನಿ ತಂದು ಬಿಡುವುದಂತೂ ಬೇಡವೇ ಬೇಡ. ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ, ಬಿದ್ದದ್ದು ಸೀತಾಫಲದ ಬೀಜದ ಪುಡಿ ಎಂದು ಬಾಯಿಬಿಟ್ಟು ಹೇಳಿ. ನಾಚಿಕೆಗೆ ಇದನ್ನು ಮುಚ್ಚಿಟ್ಟು, ಧೂಳು ಬಿತ್ತು ಎಂದು ಹೇಳಿದರೆ ಚಿಕಿತ್ಸೆಯ ದಾರಿ ತಪ್ಪುತ್ತದೆ. ಹೇನಿಗೆ 1% ಪರ್ಮೆಥ್ರಿನ್ ಲೋಷನ್ ಸಿಗುತ್ತದೆ. ತೊಳೆದು ಒರೆಸಿದ ಕೂದಲಿಗೆ ಹಚ್ಚಿ 10 ನಿಮಿಷ ಬಿಟ್ಟು ತೊಳೆದು, ಸಣ್ಣ ಹಲ್ಲಿನ ಹಣಿಗೆಯಲ್ಲಿ ಬಾಚಬೇಕು. ಸೀರು ಒಡೆದು ಹೊಸ ಹೇನು ಬರುವುದರಿಂದ ಏಳರಿಂದ ಹತ್ತು ದಿನಕ್ಕೆ ಇನ್ನೊಮ್ಮೆ ಹಚ್ಚಬೇಕು. ಮನೆಯ ಎಲ್ಲರಿಗೂ ಒಂದೇ ದಿನ ಮಾಡದಿದ್ದರೆ ವಾರದೊಳಗೆ ಹೇನು ಮರಳುತ್ತವೆ.

ಬೀಜ ನುಂಗಿದರೆ ಏನಾಗುತ್ತದೆ ಎಂದು ಹೆದರುವವರೂ ಇದ್ದಾರೆ. ಬೀಜದ ಕರಿ ಹೊರಕವಚ ಗಟ್ಟಿ. ಅಗಿಯದೆ ಇಡಿಯಾಗಿ ಒಂದೆರಡು ನುಂಗಿದರೆ ಹಾಗೇ ಹೊರಬೀಳುತ್ತವೆ. ಅಗಿದರೆ, ಅರೆದರೆ, ಮಿಕ್ಸರಿಗೆ ಬಿದ್ದು ಪುಡಿಯಾದರೆ ತೊಂದರೆ: ಕಹಿ, ವಾಕರಿಕೆ, ವಾಂತಿ. ಗರ್ಭ ತೆಗೆಸಲು ಬೀಜದ ಪುಡಿ ಬಳಸುವ ಕೆಟ್ಟ ಪದ್ಧತಿಯೂ ಹಿಂದಿನಿಂದ ಇದೆ. ಅದು ತಾಯಿಯ ಜೀವಕ್ಕೇ ಅಪಾಯ. ಸಣ್ಣ ಮಕ್ಕಳಲ್ಲಿ ವಿಷಕ್ಕಿಂತ ಮೊದಲ ಭಯ ಬೀಜ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವುದು. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಹಣ್ಣು ಕೊಡಬೇಡಿ, ಬೀಜ ಒಂದೂ ಉಳಿಯದಂತೆ ತೆಗೆದು ತಿರುಳು ಕಿವುಚಿ ಚಮಚದಲ್ಲಿ ತಿನ್ನಿಸಿ. ಆರು ತಿಂಗಳು ತುಂಬಿ ಮೇಲೂಟ ಶುರುವಾದ ಕೂಸಿಗೆ ಎರಡು ಚಹಾ ಚಮಚ ಸಾಕು. ತಿಂದ ಮೇಲೆ ಬೀಜಗಳನ್ನು ಅಂಗಳದಲ್ಲಿ ಉಗುಳದೆ ಒಂದೆಡೆ ಕೂಡಿಸಿ ಎಸೆಯಿರಿ.

ಕಿಡ್ನಿ ಕಾಯಿಲೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು ವೈದ್ಯರನ್ನು ಕೇಳದೆ ತಿನ್ನಬಾರದು.

ಇನ್ನು ಕೊಳ್ಳುವ ವಿಷಯ. ಸೀತಾಫಲದಲ್ಲಿ ಹಣ ಹಾಳಾಗುವುದು ಎಳೆಯ ಕಾಯಿ ಕೊಂಡಾಗ. ಮೈಮೇಲಿನ ಒಂದೊಂದು ಉಬ್ಬನ್ನು ಕಣ್ಣು ಎನ್ನುತ್ತೇವೆ. ಬಲಿತ ಕಾಯಿಯಲ್ಲಿ ಕಣ್ಣುಗಳು ಅಗಲವಾಗಿ ಉಬ್ಬಿ, ಎರಡು ಕಣ್ಣಿನ ನಡುವಿನ ಗೆರೆ ಹಿಗ್ಗಿ ಕೆನೆಬಣ್ಣಕ್ಕೋ ತಿಳಿಹಳದಿಗೋ ತಿರುಗಿರುತ್ತದೆ. ಇದಕ್ಕೆ ಕಣ್ಣು ಬಿಟ್ಟ ಕಾಯಿ ಎನ್ನುವುದು. ಗೆರೆ ಇನ್ನೂ ಕಡುಹಸಿರಾಗಿ ಕಣ್ಣುಗಳು ಒತ್ತೊತ್ತಾಗಿ ಕೂತಿದ್ದರೆ ಅದು ಎಳಸು. ಅದನ್ನು ಏನೇ ಮಾಡಿದರೂ ಹಣ್ಣಾಗುವುದಿಲ್ಲ, ನಾಲ್ಕೈದು ದಿನಕ್ಕೆ ಸುಕ್ಕುಗಟ್ಟಿ ಕಪ್ಪಾಗುತ್ತದೆ. ಹಂಗಾಮಿನ ಮೊದಲ ವಾರಗಳಲ್ಲಿ ಒಳ್ಳೆಯ ದರಕ್ಕೆಂದು ಬೇಗ ಕೊಯ್ದ ಕಾಯಿ ಮಾರುಕಟ್ಟೆಗೆ ಬರುತ್ತದೆ, ಆಗ ಗೆರೆ ನೋಡಿಯೇ ಕೊಳ್ಳಬೇಕು. ಕಲ್ಲಿನಂತೆ ಗಟ್ಟಿಯಾಗಿ ಕಪ್ಪು ತಿರುಗಿದ ಸಣ್ಣ ಕಾಯಿ ಶಿಲೀಂಧ್ರ ರೋಗದ್ದು, ಬೇಡ. ತೂತು ಇದ್ದರೆ ಒಳಗೆ ಹುಳ. ಸೆಪ್ಟೆಂಬರ್ ಕೊನೆಗೆ ಜೋರು ಮಳೆಯಾದ ವರ್ಷ ಗಿಡದಲ್ಲೇ ಬಿರಿದ ಹಣ್ಣು ಹೆಚ್ಚು ಬರುತ್ತವೆ, ಅವು ಕೆಲವೇ ಗಂಟೆಗಳಲ್ಲಿ ಹುಳಿಯುತ್ತವೆ. ಹೆಂಡದ ವಾಸನೆ ಬಂದ ಹಣ್ಣನ್ನು ಅಗ್ಗವೆಂದು ತರಬೇಡಿ.

ಗೆರೆಗಳಲ್ಲಿ ಬಿಳಿ ಹತ್ತಿಯಂಥದ್ದು ಅಂಟಿದ್ದರೆ ಅದು ಹಿಟ್ಟು ತಿಗಣೆ. ಸಿಪ್ಪೆಯ ಮೇಲಷ್ಟೇ ಇರುತ್ತದೆ, ಒಳಗಿನ ತಿರುಳಿಗೆ ತೊಂದರೆಯಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಆಮೇಲೆ ಒಡೆಯಿರಿ. ಸಿಪ್ಪೆ ತಿನ್ನದಿದ್ದರೂ ತೊಳೆಯಲೇಬೇಕು, ಒಡೆಯುವ ಕೈಯಿಂದಲೇ ತಿರುಳು ತಿನ್ನುತ್ತೇವಲ್ಲ.

ಆಕಾರವೂ ಒಂದು ಸುಳಿವು. ಸೀತಾಫಲದ ಒಂದೊಂದು ಕಣ್ಣೂ ಹೂವಿನೊಳಗಿನ ಒಂದೊಂದು ಅಂಡಾಶಯದಿಂದ ಆದದ್ದು. ಈ ಹೂವು ಮೊದಲು ಹೆಣ್ಣಾಗಿ, ಅದರ ಕಾಲ ಮುಗಿದ ಮೇಲೆ ಗಂಡಾಗಿ ವರ್ತಿಸುವುದರಿಂದ ಪರಾಗ ಸರಿಯಾಗಿ ಬೀಳುವುದು ಕಷ್ಟ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಬಿಟ್ಟ ಹೂವು ಬಹುಪಾಲು ಒಣಗಿ ಉದುರುತ್ತವೆ. ಜೂನಿನ ಮಳೆಯ ತೇವ ಸಿಕ್ಕ ಮೇಲೆ ಕಾಯಿ ಕಚ್ಚುತ್ತದೆ, ಅಲ್ಲಿಂದ ನಾಲ್ಕು ತಿಂಗಳಿಗೆ ಹಣ್ಣು. ಪರಾಗ ಅರೆಬರೆ ಬಿದ್ದ ಕಾಯಿ ಒಂದು ಮಗ್ಗುಲಿಗೆ ಸೊಟ್ಟಗಾಗಿ ಬೆಳೆಯುತ್ತದೆ, ಆ ಮಗ್ಗುಲಲ್ಲಿ ತಿರುಳೇ ಇರುವುದಿಲ್ಲ. ದುಂಡಗೆ, ಕಣ್ಣು ದೊಡ್ಡದಾಗಿರುವುದನ್ನು ಆರಿಸಿ. ಕಣ್ಣು ದೊಡ್ಡದಿದ್ದಷ್ಟೂ ಸಿಪ್ಪೆ, ಬೀಜದ ಪಾಲು ಕಡಿಮೆ.

ಗುಡ್ಡದ ಹಣ್ಣು ಸಣ್ಣದು, ಬೀಜ ಜಾಸ್ತಿ, ಸಿಪ್ಪೆಗೆ ಹತ್ತಿದ ಪದರದಲ್ಲಿ ಮರಳಿನಂಥ ಕಣ ಹೆಚ್ಚು. ಅದು ಮಣ್ಣಲ್ಲ, ಹಣ್ಣಿನದೇ ಗಟ್ಟಿ ಕೋಶಗಳು, ತಿಂದರೆ ತೊಂದರೆಯಿಲ್ಲ. ತೋಟದ ಹಣ್ಣುಗಳಲ್ಲಿ ನಮ್ಮ ಕಡೆ ಬಹಳ ಕಾಣುವುದು ಪಕ್ಕದ ತೆಲಂಗಾಣದ ಬಾಲಾನಗರ ತಳಿ, ಈಚೆಗೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಕಡೆಯಿಂದ ಬಂದ ಎನ್‌ಎಂಕೆ ಗೋಲ್ಡನ್. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ಬೀಜ ಕಡಿಮೆಯ, ತಡವಾಗಿ ಕೆಡುವ ಮಿಶ್ರತಳಿ. ದೂರ ಕಳಿಸಲು, ಮಕ್ಕಳಿಗೆ ತಿನ್ನಿಸಲು ಈ ತಳಿಗಳು ಅನುಕೂಲ. ಪರಿಮಳಕ್ಕೆ ಗುಡ್ಡದ್ದೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ, ಮತ್ತು ಅದರ ಹಣ ನೇರವಾಗಿ ಬುಟ್ಟಿ ಹೊತ್ತು ತಂದ ತಾಂಡಾದ ಹೆಣ್ಣುಮಕ್ಕಳ ಕೈ ಸೇರುತ್ತದೆ.

ಎಲ್ಲವನ್ನೂ ಒಂದೇ ಹದದಲ್ಲಿ ಕೊಂಡರೆ ಎಲ್ಲವೂ ಒಂದೇ ದಿನ ಹಣ್ಣಾಗಿ ಅರ್ಧ ಕೊಳೆಯುತ್ತವೆ. “ಯಕ್ಕಾ, ಇವತ್ತ ತಿನ್ಲಾಕ ಎರಡು ಕೊಡ್ರಿ, ನಾಡದ ತಿನ್ಲಾಕ ನಾಕು ಕೊಡ್ರಿ” ಎಂದು ಕೇಳಿದರೆ ಅವರೇ ಮುಟ್ಟಿ ನೋಡಿ ಆರಿಸಿ ಕೊಡುತ್ತಾರೆ. ನೀವೇ ಹಿಚುಕಿ ನೋಡಬೇಡಿ, ಬೆರಳು ಒತ್ತಿದ ಕಡೆ ಹಣ್ಣು ಮರುದಿನ ಕಪ್ಪಾಗುತ್ತದೆ.

ಮನೆಗೆ ತಂದ ಕಾಯಿಯನ್ನು ಅಡಿ ಹಾಕುವುದು, ಅಂದರೆ ಮುಚ್ಚಿಟ್ಟು ಹಣ್ಣು ಮಾಡುವುದು, ಸುಲಭ. ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಭತ್ತದ ಹುಲ್ಲು ಅಥವಾ ಹಳೆಯ ಪೇಪರ್ ಹಾಸಿ, ತೊಟ್ಟು ಕೆಳಗಾಗಿ ಒಂದೇ ಪದರದಲ್ಲಿ ಜೋಡಿಸಿ, ಮೇಲೆ ಇನ್ನಷ್ಟು ಹುಲ್ಲು ಮುಚ್ಚಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಅಪ್ಪಚ್ಚಿ. ಹುಲ್ಲಿಲ್ಲದಿದ್ದರೆ ಜೋಳದ ಡಬ್ಬಿಯಲ್ಲಿ ಹುಗಿದರೂ ನಡೆಯುತ್ತದೆ. ಹಣ್ಣು ತಾನೇ ಬಿಡುವ ಎಥಿಲಿನ್ ಅನಿಲ ಅಲ್ಲೇ ನಿಂತು ಪಿಷ್ಟವನ್ನು ಸಕ್ಕರೆ ಮಾಡುವ ಕೆಲಸ ಚುರುಕಾಗುತ್ತದೆ. ಅಕ್ಟೋಬರಿನ ನಮ್ಮ 30 ಡಿಗ್ರಿಯ ಆಸುಪಾಸಿನಲ್ಲಿ ಬಲಿತ ಕಾಯಿಗೆ ಎರಡರಿಂದ ನಾಲ್ಕು ದಿನ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಬೂಸ್ಟು ಹಿಡಿಯುತ್ತದೆ. ಕಾರ್ಬೈಡ್ ಪೊಟ್ಟಣ ಹಾಕುವುದು ಕಾನೂನಿನಲ್ಲೂ ನಿಷಿದ್ಧ, ಈ ಹಣ್ಣಿಗೆ ಅದರ ಅಗತ್ಯವೂ ಇಲ್ಲ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಸಂಜೆ, ಮುಟ್ಟಿ ನೋಡಬೇಕು, ಏಕೆಂದರೆ ಹದಕ್ಕೆ ಬಂದ ಹಣ್ಣು ಒಂದೇ ದಿನದಲ್ಲಿ ಹದ ಮೀರುತ್ತದೆ. ತೊಟ್ಟಿನ ಬಳಿ ಹೆಬ್ಬೆರಳಿಟ್ಟರೆ ಮೆತ್ತಗೆ ತಗ್ಗಿದರೆ ತಿನ್ನಲು ಸಿದ್ಧ.

ಕಾಯಿ ಇದ್ದಾಗ ಫ್ರಿಜ್ಜಿನಲ್ಲಿ ಇಡಲೇಬಾರದು. ಬಹಳ ಮನೆಗಳಲ್ಲಿ ಆಗುವ ತಪ್ಪು ಇದು. ಸುಮಾರು 12 ಡಿಗ್ರಿಗಿಂತ ಕೆಳಗೆ ಹೋದರೆ ಕಾಯಿಗೆ ಚಳಿಯ ಗಾಯವಾಗುತ್ತದೆ: ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಗಟ್ಟಿಯಾಗೇ ಉಳಿಯುತ್ತದೆ, ಹೊರಗೆ ತೆಗೆದಿಟ್ಟರೂ ಹಣ್ಣಾಗುವುದಿಲ್ಲ. ಪೂರ್ತಿ ಹಣ್ಣಾದ ಮೇಲೆ ಒಂದೆರಡು ದಿನ ಇಡಬಹುದು. ಸಿಪ್ಪೆ ಕಪ್ಪಾದರೂ ಒಳಗೆ ಬಿಳಿಯಾಗಿದ್ದರೆ ತಿನ್ನಲು ಅಡ್ಡಿಯಿಲ್ಲ.

ಹಣ್ಣು ಹೆಚ್ಚಾದಾಗ ತಿರುಳು ತೆಗೆದಿಡುವುದು ಒಳ್ಳೆಯ ದಾರಿ. ಒಂದು ಕಿಲೊ ಹಣ್ಣಿಗೆ ಸುಮಾರು 400 ಗ್ರಾಂ ತಿರುಳು ಸಿಗುತ್ತದೆ. ಕೈ ಮತ್ತು ಪಾತ್ರೆ ಒಣಗಿರಲಿ, ಚಮಚ ಸ್ಟೀಲಿನದಿರಲಿ. ಕಬ್ಬಿಣ, ತಾಮ್ರ ತಾಗಿದರೆ ತಿರುಳಿನ ಬಣ್ಣ ಬೇಗ ಕೆಡುತ್ತದೆ. ಸಿಪ್ಪೆಗೆ ಹತ್ತಿದ ಮರಳು ಪದರ ಬಿಟ್ಟು ಒಳಗಿನದನ್ನಷ್ಟೇ ತೆಗೆದು, ಅಗಲ ಕಣ್ಣಿನ ಸ್ಟೀಲ್ ಚಾಳಣಿಯಲ್ಲಿ ಹಾಕಿ ಚಮಚದ ಬೆನ್ನಿನಿಂದ ಒತ್ತಿದರೆ ತಿರುಳು ಕೆಳಗೆ ಇಳಿದು ಬೀಜ ಮೇಲೆ ಉಳಿಯುತ್ತದೆ. ಬೀಜ ಬಿಡಿಸಲು ಮಿಕ್ಸರನ್ನು ಒಂದೇ ಒಂದು ಸುತ್ತು ತಿರುಗಿಸಿದರೂ ಬೀಜ ಒಡೆಯುವ ಅಪಾಯವಿದೆ. ಗಾಳಿ ತಾಗಿದ ತಿರುಳು ಕಂದಾಗುವುದನ್ನು ತಡೆಯಲು ಅರ್ಧ ಕಿಲೊ ತಿರುಳಿಗೆ ಒಂದು ಚಹಾ ಚಮಚ ನಿಂಬೆರಸ ಬೆರೆಸಿ.

ಈ ತಿರುಳನ್ನು ಒಲೆಯ ಮೇಲಿಡಬೇಡಿ. ಸುಮಾರು 60 ಡಿಗ್ರಿ ದಾಟಿದರೆ ಸೀತಾಫಲ ಕಹಿಯಾಗುತ್ತದೆ, ಪರಿಮಳವೂ ಹೋಗುತ್ತದೆ. ಅಂಗಡಿಯಲ್ಲಿ ಮಾವಿನ ಜಾಮ್, ಅನಾನಸ್ ಜಾಮ್ ಇದ್ದ ಹಾಗೆ ಸೀತಾಫಲದ ಜಾಮ್ ಕಾಣದಿರುವುದು ಇದಕ್ಕೇ. ಬಾಸುಂದಿಗೆ ಒಂದು ಲೀಟರ್ ಎಮ್ಮೆ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಅರ್ಧಕ್ಕಿಳಿಸಿ, ಬಿಸಿಯಿದ್ದಾಗಲೇ ಮೂರು ದೊಡ್ಡ ಚಮಚ ಸಕ್ಕರೆ ಹಾಕಿ. ಹಣ್ಣಿನ ಸಿಹಿ ಮುಂದೆ ಬರುವುದಿದೆ, ಅದಕ್ಕಿಂತ ಹೆಚ್ಚು ಬೇಡ. ಹಾಲು ಪೂರ್ತಿ ಆರಿ, ಫ್ರಿಜ್ಜಿನಲ್ಲಿ ತಣ್ಣಗಾದ ಮೇಲೆ 250 ಗ್ರಾಂ ತಿರುಳು ಬೆರೆಸಬೇಕು. ಬೆಚ್ಚಗಿನ ಹಾಲಿಗೆ ಅವಸರದಲ್ಲಿ ಹಾಕಿದಾಗಲೇ ಬಾಸುಂದಿ ಕಹಿಯಾಗುವುದು. ಯಾಲಕ್ಕಿ ಚಿಟಿಕೆಯಷ್ಟು ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಐದು ಜನಕ್ಕೆ ಹಂಚಿದರೆ ತಲಾ 300 ಕ್ಯಾಲೊರಿಯ ಆಸುಪಾಸು, ಅದರಲ್ಲಿ ಹಣ್ಣಿನ ಪಾಲು 50 ಮಾತ್ರ. ಹಬ್ಬದ ದಿನಕ್ಕೆ ಸರಿ, ದಿನನಿತ್ಯಕ್ಕೆ ಅಲ್ಲ.

ಉಳಿದ ತಿರುಳನ್ನು ಒಂದು ಹೊತ್ತಿಗೆ ಬೇಕಾಗುವಷ್ಟೇ ಹಿಡಿಯುವ ಸಣ್ಣ ಡಬ್ಬಿಗಳಲ್ಲಿ, ತಿರುಳಿನ ನಡುವೆ ಗಾಳಿ ಉಳಿಯದಂತೆ ತುಂಬಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದಾಗ ಸ್ವಲ್ಪ ಹಿಗ್ಗುವುದರಿಂದ ಮೇಲೆ ಒಂದು ಬೆರಳು ಜಾಗ ಬಿಟ್ಟು, ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ತಿರುಳಿಗೆ ತಾಗುವಂತೆ ಒತ್ತಿ ಮುಚ್ಚಳ ಹಾಕಿ. ಮನೆಯ ಫ್ರೀಜರಿನಲ್ಲಿ ಎರಡು ಮೂರು ತಿಂಗಳು ರುಚಿ ಉಳಿಯುತ್ತದೆ, ಕರೆಂಟು ಪದೇಪದೇ ಹೋಗುವ ಊರುಗಳಲ್ಲಿ ಇನ್ನೂ ಕಡಿಮೆ. ಹಿಂದಿನ ರಾತ್ರಿ ಡಬ್ಬಿಯನ್ನು ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ಕರಗಿಸಿ, ಕರಗಿದ ಮೇಲೆ ಬೇಗ ಕಂದು ತಿರುಗುವುದರಿಂದ ತೆರೆದ ಡಬ್ಬಿಯನ್ನು ಅದೇ ಹೊತ್ತಿಗೆ ಮುಗಿಸಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು.